ಕಾಫಿ ಲೋಟ ಕೊಡೆಯಾಗದು

"ಕಾಫಿ ಕುಡಿದರೆ ಕಪ್ಪಗಾಗ್ತೀಯ!" ಈ ಮಾತು ಕೇಳದೆ ಬೆಳೆದ ಮಕ್ಕಳು ನಮ್ಮಲ್ಲಿ ಕಡಿಮೆ. ಅದರಲ್ಲೂ ಹೆಣ್ಣುಮಕ್ಕಳಿಗೆ ಈ ಎಚ್ಚರಿಕೆ ಎರಡು ಪಟ್ಟು. ಮಕ್ಕಳನ್ನು ಕಾಫಿಯಿಂದ ದೂರವಿಡಲು ಹಿರಿಯರು ಹೂಡಿದ ಉಪಾಯವಿದು. ಉದ್ದೇಶ ಒಳ್ಳೆಯದೇ, ಆದರೆ ಮಾತು ನಿಜವಲ್ಲ. ಕಾಫಿಯ ಬಣ್ಣ ಚರ್ಮಕ್ಕೆ ಬರುವುದಿಲ್ಲ. ನಮ್ಮ ಮೈಬಣ್ಣವನ್ನು ನಿರ್ಧರಿಸುವುದು ಮುಖ್ಯವಾಗಿ ತಂದೆತಾಯಿಗಳಿಂದ ಬಂದ ಗುಣ ಮತ್ತು ಮೈಮೇಲೆ ಬೀಳುವ ಬಿಸಿಲು.

ಈಗ ಗಾಳಿ ತಿರುಗಿ ಬೀಸುತ್ತಿದೆ. ಕಾಫಿ ಕುಡಿದರೆ ಬಿಸಿಲಿನಿಂದ ಚರ್ಮ ಕೆಡುವುದಿಲ್ಲವಂತೆ, ಕಾಫಿಪುಡಿ ಹಚ್ಚಿ ಉಜ್ಜಿದರೆ ಮುಖ ಬೆಳ್ಳಗಾಗುತ್ತದಂತೆ ಎಂಬ ಮಾತುಗಳು ಮನೆಮನೆಗೆ ಬಂದಿವೆ. ಅಂಗಡಿಯಲ್ಲಿ ಕಾಫಿ ಸೋಪು, ಕಾಫಿ ಕ್ರೀಮು ಸಾಲಾಗಿ ನಿಂತಿವೆ. "ದಿನಕ್ಕೆ ಎಷ್ಟು ಲೋಟ ಕುಡಿದರೆ ಬಂಗು ಹೋಗುತ್ತದೆ ಡಾಕ್ಟ್ರೇ?" ಎಂದು ಕೇಳುವವರೂ ಇದ್ದಾರೆ.

ಹಳೆಯ ಮಾತಿನಂತೆ ಹೊಸ ಮಾತು ಪೂರ್ತಿ ಸುಳ್ಳಲ್ಲ. ಕಾಫಿಯಲ್ಲಿ ಚರ್ಮಕ್ಕೆ ಸಹಾಯಕವಾಗಬಲ್ಲ ಸಸ್ಯಾಂಶಗಳಿವೆ ಎಂಬುದಕ್ಕೆ ಆಧಾರವಿದೆ. ಆದರೆ ಆ ಆಧಾರ ಎಷ್ಟು, ಅದನ್ನು ನಂಬಿ ನಾವು ಏನು ಮಾಡಬೇಕು, ಏನು ಮಾಡಬಾರದು ಎಂಬುದನ್ನು ಸಾವಧಾನವಾಗಿ ನೋಡುವುದು ಒಳ್ಳೆಯದು.

ಬಿಸಿಲು ಮಾಡುವ ಹಾನಿ

ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳಿವೆ. ಭೂಮಿಯನ್ನು ತಲುಪುವ ಇವುಗಳಲ್ಲಿ ಎರಡು ಬಗೆ. 'ಬಿ' ಕಿರಣಗಳು ಚರ್ಮದ ಮೇಲ್ಪದರವನ್ನು ಸುಡುತ್ತವೆ ಮತ್ತು ಜೀವಕೋಶಗಳ ಒಳಗಿರುವ ಡಿಎನ್‌ಎಗೆ ನೇರವಾಗಿ ಪೆಟ್ಟು ಕೊಡುತ್ತವೆ. 'ಎ' ಕಿರಣಗಳು ಇನ್ನೂ ಆಳಕ್ಕಿಳಿದು, ಚರ್ಮವನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್ ಎಂಬ ನಾರನ್ನು ಸಡಿಲಗೊಳಿಸುತ್ತವೆ. ಸುಕ್ಕು, ಕಲೆ, ಚರ್ಮ ಒರಟಾಗುವುದು ಇವೆಲ್ಲ ಬಹುಪಾಲು 'ಎ' ಕಿರಣಗಳ ಕೊಡುಗೆ. ಕಿಟಕಿಯ ಗಾಜು 'ಬಿ' ಕಿರಣಗಳನ್ನು ಬಹುಮಟ್ಟಿಗೆ ತಡೆದರೂ 'ಎ' ಕಿರಣಗಳಲ್ಲಿ ಹೆಚ್ಚಿನವನ್ನು ಒಳಗೆ ಬಿಡುತ್ತದೆ.

ಈ ಕಿರಣಗಳು ಬಿದ್ದಾಗ ಜೀವಕೋಶಗಳಲ್ಲಿ ಚಂಚಲವಾದ ಕೆಲವು ರಾಸಾಯನಿಕ ಕಣಗಳು ಹುಟ್ಟುತ್ತವೆ. ಇವನ್ನು ಫ್ರೀ ರ್‍ಯಾಡಿಕಲ್ ಎನ್ನುತ್ತಾರೆ. ಪಕ್ಕದಲ್ಲಿ ಸಿಕ್ಕಿದ್ದನ್ನೆಲ್ಲ ಕೆಡಿಸುವುದು ಇವುಗಳ ಸ್ವಭಾವ. ಇವನ್ನು ತಣ್ಣಗಾಗಿಸುವ ವಸ್ತುಗಳೇ ಉತ್ಕರ್ಷಣ ನಿರೋಧಕಗಳು, ಅಂದರೆ ಆಂಟಿಆಕ್ಸಿಡೆಂಟ್‌ಗಳು. ಕಾಫಿ ಚರ್ಚೆಗೆ ಬರುವುದು ಇಲ್ಲಿಯೇ.

ಗಿಡದ ಸ್ವಂತ ಔಷಧಿ

ಬಿಸಿಲು ಹೆಚ್ಚಾದರೆ ನಾವು ಎದ್ದು ನೆರಳಿಗೆ ಹೋಗುತ್ತೇವೆ. ಗಿಡ ಎಲ್ಲಿಗೆ ಹೋದೀತು? ನಿಂತಲ್ಲೇ ನಿಂತು ಬಿಸಿಲು, ಕೀಟ, ಶಿಲೀಂಧ್ರ ಎಲ್ಲವನ್ನೂ ಎದುರಿಸಬೇಕು. ಅದಕ್ಕಾಗಿ ಗಿಡಗಳು ತಮ್ಮೊಳಗೇ ಪಾಲಿಫಿನಾಲ್ ಎಂಬ ವರ್ಗದ ವಸ್ತುಗಳನ್ನು ತಯಾರಿಸಿಕೊಳ್ಳುತ್ತವೆ. ಕಾಫಿಯಲ್ಲಿ ಇವುಗಳ ಮುಖ್ಯಸ್ಥ ಕ್ಲೋರೋಜೆನಿಕ್ ಆಮ್ಲ. ಹೆಸರು ಕೇಳಿ ಕ್ಲೋರಿನ್ ಇದೆಯೆಂದು ಹೆದರಬೇಕಾಗಿಲ್ಲ. ಗ್ರೀಕ್ ಭಾಷೆಯಲ್ಲಿ ಹಸಿರು ಎಂಬ ಅರ್ಥದ ಪದದಿಂದ ಬಂದ ಹೆಸರು ಅದು. ಹುರಿಯದ ಹಸಿರು ಕಾಫಿ ಬೀಜದ ತೂಕದಲ್ಲಿ ಸುಮಾರು ಶೇ. 5ರಿಂದ 10ರಷ್ಟು ಇದೇ ಇರುತ್ತದೆ. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಹೆಚ್ಚು. ಪ್ರಯೋಗಾಲಯದಲ್ಲಿ ಇದು ಅತಿನೇರಳೆ ಕಿರಣಗಳನ್ನು ಹೀರುತ್ತದೆ, ಫ್ರೀ ರ್‍ಯಾಡಿಕಲ್‌ಗಳನ್ನು ತಣಿಸುತ್ತದೆ.

ಇದರ ಬಳಗದಲ್ಲಿ ಕೆಫೀಯಿಕ್ ಆಮ್ಲ, ಫೆರುಲಿಕ್ ಆಮ್ಲ ಎಂಬವೂ ಇವೆ. ಇವುಗಳ ಜೊತೆಗೆ ನಿಮಗೆಲ್ಲ ಪರಿಚಯವಿರುವ ಕೆಫೀನ್. ಇದು ಪಾಲಿಫಿನಾಲ್ ಅಲ್ಲ, ಬೇರೆಯೇ ಕುಲದ್ದು.

ಆದರೆ ಹಸಿರು ಬೀಜವನ್ನು ನಾವು ಯಾರೂ ಕುಡಿಯುವುದಿಲ್ಲ. ಬೀಜವನ್ನು ಹುರಿದಾಗ ಕ್ಲೋರೋಜೆನಿಕ್ ಆಮ್ಲ ಒಡೆಯುತ್ತದೆ. ಕಪ್ಪಗೆ ಹುರಿದಷ್ಟೂ ಉಳಿಯುವುದು ಕಡಿಮೆ. ಕೆಫೀನ್ ಮಾತ್ರ ಹುರಿಯುವಿಕೆಗೆ ಅಷ್ಟಾಗಿ ಜಗ್ಗುವುದಿಲ್ಲ. ಇನ್ನು ನಮ್ಮ ಫಿಲ್ಟರ್ ಕಾಫಿಪುಡಿಯಲ್ಲಿ ಚಿಕೋರಿಯೂ ಇರುತ್ತದೆ, ಕಾನೂನಿನ ಪ್ರಕಾರ ಶೇ. 49ರವರೆಗೆ ಇರಬಹುದು. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಕುಡಿದ ಕ್ಲೋರೋಜೆನಿಕ್ ಆಮ್ಲದಲ್ಲಿ ಸುಮಾರು ಮೂರನೆಯ ಒಂದು ಭಾಗ ಸಣ್ಣಕರುಳಿನಲ್ಲಿ ರಕ್ತ ಸೇರುತ್ತದೆ. ಉಳಿದದ್ದು ದೊಡ್ಡಕರುಳಿಗೆ ಇಳಿದು ಅಲ್ಲಿನ ಬ್ಯಾಕ್ಟೀರಿಯಾಗಳ ಕೈಗೆ ಸಿಗುತ್ತದೆ. ಹೀಗೆ ಬೀಜದಿಂದ ಚರ್ಮದವರೆಗಿನ ದಾರಿ ಉದ್ದವಾದದ್ದು, ದಾರಿಯುದ್ದಕ್ಕೂ ಸೋರಿಕೆ.

ಅಧ್ಯಯನಗಳು ಹೇಳುವುದೇನು?

ಅಮೆರಿಕದ ರಟ್‌ಗರ್ಸ್ ವಿಶ್ವವಿದ್ಯಾಲಯದಲ್ಲಿ ಅಲನ್ ಕಾನಿ ಮತ್ತು ಸಂಗಡಿಗರು ಕೂದಲಿಲ್ಲದ ಇಲಿಗಳ ಮೇಲೆ ಪ್ರಯೋಗ ನಡೆಸಿದರು. 2002ರಲ್ಲಿ ಪ್ರಕಟವಾದ ಅವರ ವರದಿಯಂತೆ, ಅತಿನೇರಳೆ ಕಿರಣಕ್ಕೆ ಒಡ್ಡಿದ್ದ ಇಲಿಗಳ ಚರ್ಮಕ್ಕೆ ಕೆಫೀನ್ ಹಚ್ಚಿದಾಗ ಗಡ್ಡೆಗಳು ಕಡಿಮೆಯಾದವು. 2007ರಲ್ಲಿ ಕುಡಿಯುವ ನೀರಿಗೆ ಕೆಫೀನ್ ಬೆರೆಸಿ, ಓಡಲು ಚಕ್ರವನ್ನೂ ಇಟ್ಟು ನೋಡಿದರು. ಎರಡೂ ಸೇರಿದಾಗ, ಕಿರಣದಿಂದ ಕೆಟ್ಟ ಜೀವಕೋಶಗಳು ತಾವಾಗಿ ಸಾಯುವ ಕ್ರಿಯೆ ಬಹಳ ಚುರುಕಾಯಿತು. ಕೆಟ್ಟ ಜೀವಕೋಶ ಸತ್ತರೆ ಅದು ಕ್ಯಾನ್ಸರ್ ಆಗಿ ಬೆಳೆಯುವ ಭಯವಿಲ್ಲ.

2005ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ತಂಡವೊಂದು 'ಸಿ' ಮತ್ತು 'ಇ' ಜೀವಸತ್ವಗಳ ದ್ರಾವಣಕ್ಕೆ ಫೆರುಲಿಕ್ ಆಮ್ಲ ಸೇರಿಸಿ ಚರ್ಮಕ್ಕೆ ಹಚ್ಚಿದಾಗ ರಕ್ಷಣೆ ಸುಮಾರು ಇಮ್ಮಡಿಯಾಗುವುದನ್ನು ತೋರಿಸಿತು. ಆದರೆ ಇದು ಹಚ್ಚುವ ಔಷಧದ ಮಾತು, ಕುಡಿಯುವ ಕಾಫಿಯದಲ್ಲ.

ಇನ್ನು ಮನುಷ್ಯರ ವಿಚಾರ. 2012ರಲ್ಲಿ ಅಮೆರಿಕದ 1,12,897 ಜನರ ದೀರ್ಘಕಾಲದ ಮಾಹಿತಿಯನ್ನು ಪರಿಶೀಲಿಸಿದ ವರದಿ ಬಂತು. ಕೆಫೀನ್ ಹೆಚ್ಚು ಸೇವಿಸುವವರಲ್ಲಿ ಬೇಸಲ್ ಸೆಲ್ ಎಂಬ ಬಗೆಯ ಚರ್ಮದ ಕ್ಯಾನ್ಸರ್ ಕಡಿಮೆ ಇತ್ತು. ಹೆಂಗಸರಲ್ಲಿ ಈ ಇಳಿಕೆ ಸುಮಾರು ಐದನೆಯ ಒಂದು ಭಾಗ. 2015ರಲ್ಲಿ ಅದೇ ದೇಶದ 4,47,357 ಬಿಳಿಯರ ಇನ್ನೊಂದು ಅಧ್ಯಯನ, ದಿನಕ್ಕೆ ನಾಲ್ಕು ಅಥವಾ ಹೆಚ್ಚು ಕಪ್ ಕಾಫಿ ಕುಡಿಯುವವರಲ್ಲಿ ಮೆಲನೋಮ ಎಂಬ ಅಪಾಯಕಾರಿ ಕ್ಯಾನ್ಸರ್ ಶೇ. 20ರಷ್ಟು ಕಡಿಮೆ ಎಂದಿತು. ಅದೇ ವರ್ಷ ಜಪಾನಿನ 131 ಮಧ್ಯವಯಸ್ಕ ಮಹಿಳೆಯರ ಸಣ್ಣ ಅಧ್ಯಯನವೊಂದು, ಕಾಫಿಯ ಪಾಲಿಫಿನಾಲ್ ಹೆಚ್ಚು ಸೇವಿಸುವವರ ಮುಖದಲ್ಲಿ ಬಿಸಿಲಿನ ಕಲೆಗಳು ಕಡಿಮೆ ಎಂದು ವರದಿ ಮಾಡಿತು.

ಇಷ್ಟು ಓದಿದವರು ಇನ್ನೊಂದು ಲೋಟ ಕಾಫಿಗೆ ಹೇಳುವುದು ಸಹಜ. ಸ್ವಲ್ಪ ತಡೆಯಿರಿ.

ಮೂರು ಅನುಮಾನಗಳು

ಮೊದಲನೆಯದು: ಮನುಷ್ಯರ ಮೇಲಿನ ಈ ಅಧ್ಯಯನಗಳಲ್ಲಿ ಯಾರಿಗೂ ಕಾಫಿ ಕೊಟ್ಟು ಪರೀಕ್ಷಿಸಿಲ್ಲ. ಕುಡಿಯುವವರನ್ನೂ ಕುಡಿಯದವರನ್ನೂ ಹೋಲಿಸಿದ್ದಾರೆ ಅಷ್ಟೆ. ಕಾಫಿ ಹೆಚ್ಚು ಕುಡಿಯುವವರು ಕಚೇರಿಯೊಳಗೆ ಕುಳಿತು ಕೆಲಸ ಮಾಡುವವರಾಗಿದ್ದರೆ? ಆಗ ಕಾಪಾಡಿದ್ದು ಕಾಫಿಯೋ ಛಾವಣಿಯೋ ಎಂಬ ಪ್ರಶ್ನೆ ಏಳುತ್ತದೆ. ಸಂಶೋಧಕರು ಇಂಥ ವ್ಯತ್ಯಾಸಗಳನ್ನು ಲೆಕ್ಕದಲ್ಲಿ ಸರಿದೂಗಿಸಲು ಪ್ರಯತ್ನಿಸುತ್ತಾರೆ, ಪೂರ್ತಿ ಸಾಧ್ಯವಾಗುವುದಿಲ್ಲ. 2012ರ ಅಧ್ಯಯನದಲ್ಲಿ ಮೆಲನೋಮಕ್ಕೆ ಲಾಭ ಕಾಣಲಿಲ್ಲ, 2015ರದರಲ್ಲಿ ಕಂಡಿತು ಎಂಬುದನ್ನೂ ಗಮನಿಸಿ.

ಎರಡನೆಯದು: ಈ ಎರಡು ದೊಡ್ಡ ಅಧ್ಯಯನಗಳಲ್ಲೂ ಕೆಫೀನ್ ತೆಗೆದ ಕಾಫಿ ಕುಡಿದವರಿಗೆ ಅಂಥ ಲಾಭ ಕಾಣಲಿಲ್ಲ. ಕೆಫೀನ್ ತೆಗೆದ ಕಾಫಿಯಲ್ಲೂ ಕ್ಲೋರೋಜೆನಿಕ್ ಆಮ್ಲ ಇದ್ದೇ ಇರುತ್ತದೆ. ಹಾಗಾದರೆ ಕ್ಯಾನ್ಸರ್ ವಿಷಯದಲ್ಲಿ ಏನಾದರೂ ರಕ್ಷಣೆ ಇದ್ದರೆ ಅದರ ಕೀರ್ತಿ ಕೆಫೀನಿಗೆ ಸೇರಬೇಕೇ ಹೊರತು, ಜಾಹೀರಾತಿನವರು ಹೊಗಳುವ ಪಾಲಿಫಿನಾಲಿಗೆ ಅಲ್ಲ ಎಂದಾಗುತ್ತದೆ.

ಮೂರನೆಯದು: ಇವು ಬಹುಪಾಲು ಬಿಳಿಯ ಚರ್ಮದವರ ಅಧ್ಯಯನಗಳು. ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ವರ್ಣದ್ರವ್ಯ ಹೆಚ್ಚು. ಅದು ಹುಟ್ಟಿನಿಂದಲೇ ಬಂದ ಕೊಡೆ. ಕಪ್ಪು ಚರ್ಮದ ಮೆಲನಿನ್ ಸುಮಾರು 13ರ ರಕ್ಷಣಾಂಕದ ಸನ್‌ಸ್ಕ್ರೀನಿನಂತೆ ಕೆಲಸ ಮಾಡುತ್ತದೆ, ಬಿಳಿ ಚರ್ಮದ್ದು ಸುಮಾರು 3ರಂತೆ ಎಂದು ಹಿಂದೆಯೇ ಲೆಕ್ಕ ಹಾಕಿದ್ದಾರೆ. ಭಾರತೀಯರಲ್ಲಿ ಚರ್ಮದ ಕ್ಯಾನ್ಸರ್ ಕಡಿಮೆ ಇರುವುದಕ್ಕೆ ಇದು ಮುಖ್ಯ ಕಾರಣ. ಯಾವ ಮೈಬಣ್ಣವನ್ನು ಶಾಪವೆಂದು ಮಕ್ಕಳಿಗೆ ಹೆದರಿಸುತ್ತೇವೆಯೋ ಅದೇ ನಮ್ಮನ್ನು ಕಾಯುತ್ತಿದೆ. ಕಾಫಿಯ ಪಾಲು ಅದರ ಮುಂದೆ ಬಹಳ ಚಿಕ್ಕದು.

ನಮ್ಮ ತೊಂದರೆಗಳು ಬೇರೆ

ಕ್ಯಾನ್ಸರ್ ಕಡಿಮೆ ಎಂದರೆ ಬಿಸಿಲು ನಮಗೆ ನಿರಪಾಯ ಎಂದಲ್ಲ. ಕೆನ್ನೆ, ಹಣೆ, ಮೂಗಿನ ಮೇಲೆ ಕಂದು ಬಣ್ಣದ ಬಂಗು ಬರುತ್ತದೆ. ಗರ್ಭಿಣಿಯರಲ್ಲಿ, ಗರ್ಭನಿರೋಧಕ ಗುಳಿಗೆ ನುಂಗುವವರಲ್ಲಿ ಇದು ಹೆಚ್ಚು, ಬಿಸಿಲು ಇದನ್ನು ಉಲ್ಬಣಿಸುತ್ತದೆ. ಕೆಲವರಿಗೆ ಬಿಸಿಲು ಬಿದ್ದಲ್ಲಿ ತುರಿಕೆಯ ಗುಳ್ಳೆಗಳು ಏಳುತ್ತವೆ. ಹಗಲೆಲ್ಲ ಹೊರಗೆ ದುಡಿಯುವವರ ಕೆಳತುಟಿ ಒಣಗಿ ಬಿರಿಯುತ್ತದೆ. ಕಣ್ಣಿನ ಪೊರೆಗೂ ಬಿಸಿಲು ಒಂದು ಕಾರಣ. ಮೆಲನಿನ್ ಇಲ್ಲದೆ ಹುಟ್ಟಿದ ಬಿಳಿಚರ್ಮದ ಮಕ್ಕಳಿಗಂತೂ ಬಿಸಿಲು ಜೀವಕ್ಕೇ ಅಪಾಯ.

ಕೆಲವು ಔಷಧಿಗಳು ಚರ್ಮವನ್ನು ಬಿಸಿಲಿಗೆ ಮೃದುಗೊಳಿಸುತ್ತವೆ. ಮೊಡವೆಗೆ ಮತ್ತು ಇಲಿಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ರಕ್ತದೊತ್ತಡಕ್ಕೆ ಕೊಡುವ ಹೈಡ್ರೋಕ್ಲೋರೋಥಯಜೈಡ್ ಇಂಥವು. ಇವನ್ನು ಸೇವಿಸುವಾಗ ಬಿಸಿಲಿನಲ್ಲಿ ಚರ್ಮ ಕೆಂಪಾಗಿ ಉರಿದರೆ ವೈದ್ಯರಿಗೆ ತಿಳಿಸಿ. ನೀವಾಗಿ ಗುಳಿಗೆ ನಿಲ್ಲಿಸಬೇಡಿ. ಲೂಪಸ್ ಕಾಯಿಲೆಯವರು ಬಿಸಿಲಿನಿಂದ ಕಟ್ಟುನಿಟ್ಟಾಗಿ ದೂರವಿರಬೇಕು.

ಇವರಲ್ಲಿ ಯಾರಿಗೂ "ಎರಡು ಲೋಟ ಕಾಫಿ ಕುಡಿದು ಹೊರಡಿ" ಎಂದು ಹೇಳುವ ಧೈರ್ಯ ವೈದ್ಯರಿಗೆ ಬರುವುದಿಲ್ಲ.

ಗಿಡದ್ದೆಲ್ಲ ಸೌಮ್ಯವಲ್ಲ

ಕಾಫಿಪುಡಿಗೆ ಸಕ್ಕರೆ, ನಿಂಬೆರಸ ಬೆರೆಸಿ ಮುಖಕ್ಕೆ ಉಜ್ಜುವ ಪದ್ಧತಿ ಈಗ ಬಳಕೆಯಲ್ಲಿದೆ. ಪುಡಿಯ ಒರಟು ಕಣಗಳು ಚರ್ಮದ ಮೇಲ್ಪದರವನ್ನು ಗೀಚುತ್ತವೆ. ನಮ್ಮ ಚರ್ಮದ ಗುಣವೆಂದರೆ, ಗೀಚಿದ ಕಡೆ ಕಪ್ಪು ಕಲೆ ಉಳಿಯುವುದು. ಬಂಗು ಹೋಗಲೆಂದು ಉಜ್ಜಿದವರಿಗೆ ಬಂಗು ಇನ್ನಷ್ಟು ಗಾಢವಾಗುವುದುಂಟು.

ನಿಂಬೆಯದು ಬೇರೊಂದು ಅಪಾಯ. ನಿಂಬೆಜಾತಿಯ ಹಣ್ಣುಗಳ ರಸದಲ್ಲಿ, ವಿಶೇಷವಾಗಿ ಸಿಪ್ಪೆಯಲ್ಲಿ, ಸೋರಲೆನ್ ಕುಲದ ವಸ್ತುಗಳಿವೆ. ಇವು ಚರ್ಮದ ಮೇಲಿದ್ದಾಗ ಬಿಸಿಲು ಬಿದ್ದರೆ ಬೊಬ್ಬೆ ಏಳಬಹುದು, ಅನಂತರ ಕಪ್ಪು ಕಲೆ ತಿಂಗಳುಗಟ್ಟಲೆ ನಿಲ್ಲಬಹುದು. ತೊನ್ನಿಗೆ ನಮ್ಮ ಹಳೆಯ ವೈದ್ಯರು ಬಾವಂಚಿ ಬೀಜವನ್ನು ಬಳಸುತ್ತಿದ್ದುದು ಇದೇ ಗುಣಕ್ಕಾಗಿ. ಚರ್ಮವನ್ನು ಬಿಸಿಲಿಗೆ ಸ್ಪಂದಿಸುವಂತೆ ಮಾಡುವ ಸಸ್ಯಾಂಶ ಅದರಲ್ಲಿದೆ. ಹೊಲದ ಬದುವಿನ ಕಾಂಗ್ರೆಸ್ ಗಿಡದ ಅಲರ್ಜಿಯಿಂದ ಮುಖ, ಕುತ್ತಿಗೆ, ಮುಂಗೈ ಕಪ್ಪಾಗಿ ದಪ್ಪವಾದ ರೈತರನ್ನು ನೀವೂ ನೋಡಿರಬಹುದು. ಆದ್ದರಿಂದ ಸಸ್ಯಮೂಲ ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ನಿರಪಾಯ ಎನ್ನಲಾಗದು. ಕಾಯುವ ಸಸ್ಯಾಂಶವೂ ಇದೆ, ಸುಡುವ ಸಸ್ಯಾಂಶವೂ ಇದೆ.

ಮನೆಮದ್ದು ಫಲಿಸದಾಗ ಜನ ಹೋಗುವುದು ಔಷಧಿ ಅಂಗಡಿಯ ಬೆಳ್ಳಗಾಗಿಸುವ ಕ್ರೀಮಿಗೆ. ಇವುಗಳಲ್ಲಿ ಹಲವು ಸ್ಟೀರಾಯ್ಡ್ ಬೆರೆತವು. ವೈದ್ಯರ ಚೀಟಿ ಇಲ್ಲದೆ ಇಂಥ ಅನೇಕ ಕ್ರೀಮುಗಳನ್ನು ಮಾರಬಾರದೆಂದು 2018ರಲ್ಲಿ ಕೇಂದ್ರ ಸರ್ಕಾರ ನಿಯಮ ತಂದಿತು. ಆದರೂ ಕೇಳಿದವರ ಕೈಗೆ ಅವು ಸಿಗುತ್ತಲೇ ಇವೆ. ಮೊದಲ ವಾರ ಮುಖ ಹೊಳೆಯುತ್ತದೆ. ತಿಂಗಳುಗಳಲ್ಲಿ ಚರ್ಮ ತೆಳುವಾಗಿ, ರಕ್ತನಾಳಗಳು ಕಾಣಿಸಿಕೊಂಡು, ಬಿಸಿಲು ತಾಗಿದರೆ ಬೆಂಕಿಯಂತೆ ಉರಿಯತೊಡಗುತ್ತದೆ.

ಹಾಗಾದರೆ ಕಾಫಿ ಬೇಡವೇ?

ಬೇಡವೆಂದು ಯಾರೂ ಹೇಳಿಲ್ಲ. ರುಚಿಗಾಗಿ, ಉಲ್ಲಾಸಕ್ಕಾಗಿ ಕುಡಿಯಿರಿ, ಚರ್ಮದ ಔಷಧಿಯೆಂದು ಕುಡಿಯಬೇಡಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ದಿನಕ್ಕೆ 300 ಮಿ.ಗ್ರಾಂ. ಮೀರದಷ್ಟು ಕೆಫೀನ್ ಸಾಕೆಂದಿದೆ. ಅದರ ಲೆಕ್ಕದಲ್ಲಿ 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ., ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65 ಮಿ.ಗ್ರಾಂ. ಕೆಫೀನ್ ಇರುತ್ತದೆ. ಅಂದರೆ ದಿನಕ್ಕೆ ಎರಡು ಮೂರು ಸಣ್ಣ ಲೋಟ. ಗರ್ಭಿಣಿಯರು ಇದಕ್ಕಿಂತ ಕಡಿಮೆ ಮಾಡುವುದು ಕ್ಷೇಮ. ನಿದ್ದೆ ಬಾರದವರು, ಎದೆಯುರಿ ಇರುವವರು, ಎದೆಬಡಿತ ಏರುವವರು ತಮ್ಮ ಮಿತಿಯನ್ನು ತಾವೇ ಕಂಡುಕೊಳ್ಳಬೇಕು.

ಊಟದ ಹಿಂದೆಯೇ ಕಾಫಿ ಕುಡಿಯುವ ಅಭ್ಯಾಸ ಒಳ್ಳೆಯದಲ್ಲ. ಇದೇ ಪಾಲಿಫಿನಾಲ್‌ಗಳು ಆಹಾರದಲ್ಲಿನ ಕಬ್ಬಿಣಾಂಶಕ್ಕೆ ಅಂಟಿಕೊಂಡು ಅದು ರಕ್ತ ಸೇರದಂತೆ ತಡೆಯುತ್ತವೆ. ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆಯೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸಿತ್ತು. ಊಟಕ್ಕೂ ಕಾಫಿಗೂ ನಡುವೆ ಒಂದು ಗಂಟೆ ಅಂತರವಿರಲಿ. ಪ್ರತಿ ಲೋಟಕ್ಕೆ ಎರಡು ಚಮಚ ಸಕ್ಕರೆ ಸುರಿದುಕೊಂಡು ಕಾಫಿಯ ಸದ್ಗುಣಗಳನ್ನು ಎಣಿಸುವುದರಲ್ಲಿ ಅರ್ಥವಿಲ್ಲ.

ನಿಜವಾದ ರಕ್ಷಣೆ

ಖರ್ಚಿಲ್ಲದ ಉಪಾಯಗಳೇ ಇಲ್ಲಿ ಮೊದಲು. ನೆಲದ ಮೇಲಿನ ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಬಿಸಿಲು ತೀಕ್ಷ್ಣವಾಗಿದೆ ಎಂದು ತಿಳಿಯಿರಿ. ಸುಮಾರಾಗಿ ಬೆಳಿಗ್ಗೆ 10ರಿಂದ ಸಂಜೆ 4ರವರೆಗಿನ ಹೊತ್ತು ಅದು. ಆಗ ಕೊಡೆ ಹಿಡಿಯಿರಿ. ಒತ್ತು ನೆಯ್ಗೆಯ ಉದ್ದ ತೋಳಿನ ಅಂಗಿ, ಅಗಲ ಅಂಚಿನ ಟೊಪ್ಪಿಗೆ, ಕುತ್ತಿಗೆ ಮುಚ್ಚುವ ಸೆರಗು ಅಥವಾ ಟವೆಲು ಒಳ್ಳೆಯ ರಕ್ಷಣೆ. ಒದ್ದೆಯಾದ ತೆಳು ಬಿಳಿ ಬಟ್ಟೆ ಹೆಚ್ಚೇನೂ ತಡೆಯುವುದಿಲ್ಲ.

ಬಂಗು ಇರುವವರು, ಬಿಸಿಲಿಗೆ ಗುಳ್ಳೆ ಏಳುವವರು ಸನ್‌ಸ್ಕ್ರೀನ್ ಬಳಸಬೇಕು. 30ರ ರಕ್ಷಣಾಂಕದ್ದು 'ಬಿ' ಕಿರಣಗಳಲ್ಲಿ ಸುಮಾರು ಶೇ. 97ರಷ್ಟನ್ನು ತಡೆಯುತ್ತದೆ. ಆದರೆ ಅದನ್ನು ಮುಖ ಮತ್ತು ಕುತ್ತಿಗೆಗೆ ಎರಡು ಬೆರಳಿನ ಉದ್ದದಷ್ಟು ಹಚ್ಚಬೇಕು, ಹೊರಗಿದ್ದರೆ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಾಫಿ ಸಾರ ಬೆರೆಸಿದೆ ಎಂಬ ಬರಹಕ್ಕೆ ಹೆಚ್ಚು ಬೆಲೆ ಕೊಡಬೇಡಿ. ರಕ್ಷಣಾಂಕ ಎಷ್ಟು, 'ಎ' ಕಿರಣವನ್ನೂ ತಡೆಯುತ್ತದೆಯೇ ಎಂಬುದನ್ನು ಡಬ್ಬಿಯ ಮೇಲೆ ಹುಡುಕಿ.

ಒಂದು ತಿಂಗಳಾದರೂ ಮಾಯದ ಹುಣ್ಣು, ಬಣ್ಣ ಅಥವಾ ಆಕಾರ ಬದಲಿಸುವ ಮಚ್ಚೆ ಇದ್ದರೆ ವೈದ್ಯರಿಗೆ ತೋರಿಸಿ. ನಮ್ಮವರಲ್ಲಿ ಮೆಲನೋಮ ಹೆಚ್ಚಾಗಿ ಕಾಣಿಸಿಕೊಳ್ಳುವುದು ಬಿಸಿಲೇ ಬೀಳದ ಅಂಗಾಲಿನಲ್ಲಿ, ಉಗುರಿನ ಅಡಿಯಲ್ಲಿ. ಅಲ್ಲಿಯೂ ಕಣ್ಣಿಡಿ.

ನೆರಳಿನ ಹಕ್ಕು

ಕೊನೆಯದಾಗಿ ಒಂದು ಮಾತು ಹೇಳಲೇಬೇಕು. ದೇಶದ ಕಾಫಿಯಲ್ಲಿ ಸುಮಾರು ಶೇ. 70ರಷ್ಟು ಬೆಳೆಯುವುದು ನಮ್ಮ ಕೊಡಗು, ಚಿಕ್ಕಮಗಳೂರು, ಹಾಸನಗಳಲ್ಲಿ. ಅಲ್ಲಿ ಕಾಫಿ ಬೆಳೆಯುವುದು ನೆರಳಿನಡಿಯಲ್ಲಿ. ಸಿಲ್ವರ್ ಓಕ್, ಹಲಸು, ಅತ್ತಿ, ಹಾಲುವಾಣ ಮರಗಳು ಅದಕ್ಕೆ ಕೊಡೆ ಹಿಡಿದಿರುತ್ತವೆ. ನೆರಳು ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ ಬೆಳೆಗಾರರು ವರ್ಷಕ್ಕೊಮ್ಮೆ ಮರಗಸಿ ಮಾಡಿಸುತ್ತಾರೆ. ಕ್ಲೋರೋಜೆನಿಕ್ ಆಮ್ಲವನ್ನು ಮೈತುಂಬ ಇಟ್ಟುಕೊಂಡ ಗಿಡಕ್ಕೇ ಇಷ್ಟು ನೆರಳು ಬೇಕೆಂದರೆ, ಅದರ ಬೀಜದ ಕಷಾಯ ಕುಡಿದ ಮನುಷ್ಯನಿಗೆ ಬೇಡವೇ?

ಗಿಡಕ್ಕೆ ಕೊಟ್ಟ ಈ ಕಾಳಜಿ ಕೊಯ್ಲಿನ ನಂತರ ಕಣದಲ್ಲಿ ಕಾಣುವುದಿಲ್ಲ. ಕಾಫಿ ಒಣಗಬೇಕಾದ್ದು ಬಿಸಿಲಿನಲ್ಲೇ, ನಿಜ. ಆದರೆ ಹರವಿದ ಕಾಫಿಯನ್ನು ದಿನವಿಡೀ ತಿರುವಿ ಹಾಕುವ ಹೆಂಗಸರೂ ಅದರೊಂದಿಗೆ ಒಣಗಬೇಕೆಂದಿಲ್ಲ. ಕಣದ ಅಂಚಿನಲ್ಲಿ ಒಂದು ಚಪ್ಪರ, ಕುಡಿಯಲು ನೀರು, ಅಗಲ ಟೊಪ್ಪಿಗೆ, ಮಧ್ಯಾಹ್ನ ಸರದಿಯ ವಿಶ್ರಾಂತಿ ಇವು ಯಾವ ಮಾಲೀಕರಿಗೂ ದೊಡ್ಡ ಖರ್ಚಲ್ಲ. ರಸ್ತೆ ಕೆಲಸದವರಿಗೆ, ಕಟ್ಟಡ ಕಾರ್ಮಿಕರಿಗೆ, ಸಂಚಾರಿ ಪೊಲೀಸರಿಗೆ, ತರಕಾರಿ ಗಾಡಿಯವರಿಗೆ ಇದೇ ಮಾತು ಅನ್ವಯಿಸುತ್ತದೆ. ಬೇಸಗೆಯಲ್ಲಿ ಕಲಬುರಗಿ ಸೀಮೆಯ ಸರ್ಕಾರಿ ಕಚೇರಿಗಳ ವೇಳೆಯನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಪದ್ಧತಿ ಇದೆ. ಫ್ಯಾನಿನ ಕೆಳಗೆ ಕೂರುವವರಿಗೆ ದೊರೆಯುವ ಈ ಅನುಕೂಲ ಟಾರಿನ ಮುಂದೆ ನಿಲ್ಲುವವರಿಗೆ ಮೊದಲು ದೊರೆಯಬೇಕಿತ್ತು.

ಕಾಫಿ ಕ್ರೀಮು ಕೊಳ್ಳಬಲ್ಲವರು ಬಹುಪಾಲು ನೆರಳಿನಲ್ಲೇ ಇರುವವರು. ಬಿಸಿಲಿನಲ್ಲಿರುವವರಿಗೆ ಬೇಕಾದ್ದು ಕ್ರೀಮಲ್ಲ, ನೆರಳು. ನಿಮ್ಮ ಮನೆಯ ಮಾಡು ರಿಪೇರಿಗೋ ತೋಟದ ಕೆಲಸಕ್ಕೋ ಆಳುಗಳು ಬಂದರೆ, ಹನ್ನೊಂದು ಗಂಟೆಗೆ ಅವರಿಗೆ ಕಾಫಿ ಕೊಡಿ. ಕೊಡುವಾಗ ನೆರಳಿಗೆ ಕರೆದು ಕೂರಿಸಿ ಕೊಡಿ. ಚರ್ಮಕ್ಕೆ ಆಗುವ ಉಪಕಾರದಲ್ಲಿ ಆ ನೆರಳಿನ ಪಾಲೇ ದೊಡ್ಡದು.